ಒಳಗಿನ ಕೋಟೆ: ಆವಿಲಾದ ಸಂತ ತೆರೇಸಾ

ಈ ಸಲದ ಇ-ಸಂಚಿಕೆಗೆ ನಿಮಗಿಷ್ಟವಾದ ಒಬ್ಬ ಮಹಿಳೆಯ ಬಗ್ಗೆ ಬರೆದುಕೊಡಿ ಎಂದು ನಮ್ಮ ಮಹಿಳಾ ವೇದಿಕೆಯ ಗೆಳತಿಯರು ಕೇಳಿದಾಗ ನಾನು ಹೇಳಿದ ಹೆಸರು ಕೇಳಿ ಒಂದಿಬ್ಬರು ಹುಬ್ಬೇರಿಸಿದರು. ಎಂ.ಟೆಕ್. ಮುಗಿಸಿ ಪುಣೆಯಲ್ಲಿ ಡೇಟಾಬೇಸ್ ಕೆಲಸ ಮಾಡಿಕೊಂಡಿರುವ ನನಗೂ 16ನೇ ಶತಮಾನದ ಸ್ಪೇನ್ ದೇಶದ ಒಬ್ಬ ಸನ್ಯಾಸಿನಿಗೂ ಏನು ನಂಟು ಎಂದು ಅವರಿಗೆ ಅನ್ನಿಸಿದ್ದು ಸಹಜವೇ.

ನಂಟು ಶುರುವಾದದ್ದು ನಮ್ಮ ಅತ್ತೆಯವರಿಂದ. ರಾಮನಗರದ ಕಡೆಯವರಾದ ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಷ್ಮೆ ಹುಳು ಸಾಕಿ, ಮಕ್ಕಳನ್ನು ಓದಿಸಿದವರು. ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ನಾಲ್ಕು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಮೊದಲು ಒಲೆ ಆರಿಸುವುದನ್ನು ಮರೆತರು, ಆಮೇಲೆ ದಾರಿ, ಆಮೇಲೆ ನನ್ನ ಹೆಸರು. ಹೋದ ವರ್ಷ ಒಂದು ರಾತ್ರಿ ಊಟ ಮಾಡಿಸುತ್ತಿದ್ದಾಗ, ನೀವು ಯಾರ ಮನೆಯವರು ತಾಯಿ ಎಂದು ಬಹುವಚನದಲ್ಲಿ ಕೇಳಿದರು. ಅವತ್ತು ನಾನು ಅಡುಗೆಮನೆಗೆ ಹೋಗಿ ಅತ್ತೆ. ನಾನು ಊಟ ಮಾಡಿಸುತ್ತಿರುವುದು ಯಾರಿಗೆ? ಹತ್ತು ವರ್ಷ ನನ್ನನ್ನು ಮಗಳೇ ಎಂದು ಕರೆದವರು ಇನ್ನೂ ಒಳಗಿದ್ದಾರೆಯೇ?

ಇದನ್ನು ಆಫೀಸಿನಲ್ಲಿ ಮಂಗಳೂರಿನ ಕಥೋಲಿಕ ಸಹೋದ್ಯೋಗಿಯೊಬ್ಬರ ಹತ್ತಿರ ಹೇಳಿಕೊಂಡೆ. ಅವರು ಉಪದೇಶ ಮಾಡಲಿಲ್ಲ. ಮಾರನೆಯ ದಿನ ಒಂದು ಹಳೇ ಪುಸ್ತಕ ತಂದುಕೊಟ್ಟರು. ಅದು ತೆರೇಸಾ ಬರೆದ ಒಳಗಿನ ಕೋಟೆಯ ಇಂಗ್ಲಿಷ್ ಅನುವಾದ.

ಇವರು ಕೋಲ್ಕತ್ತಾದ ಮದರ್ ತೆರೇಸಾ ಅಲ್ಲ. ಆ ತಾಯಿ ತಮ್ಮ ಹೆಸರನ್ನು ಪಡೆದದ್ದು ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾರಿಂದ. ಆ ಲಿಸ್ಯೂ ತೆರೇಸಾ ಇದ್ದ ಸನ್ಯಾಸಿನಿಯರ ಸಭೆಯನ್ನು ಕಟ್ಟಿದವರು ನಮ್ಮ ಈ ಲೇಖನದ ತೆರೇಸಾ.

ಅವರು ಹುಟ್ಟಿದ್ದು 1515ರ ಮಾರ್ಚ್ 28ರಂದು, ಆವಿಲಾ ಎಂಬ ಕಡೆ. ಸುತ್ತಲೂ ಕಲ್ಲಿನ ಕೋಟೆ ಇರುವ ಊರು ಅದು, ಆ ಗೋಡೆ ಈಗಲೂ ಇದೆ. ಅಜ್ಜ ಯೆಹೂದಿ ಮೂಲದವರು, ಟೊಲೆಡೊ ಊರಿನ ವ್ಯಾಪಾರಿ. ಕ್ರೈಸ್ತರಾದ ಮೇಲೂ ಗುಟ್ಟಾಗಿ ಹಳೆಯ ಆಚರಣೆ ಇಟ್ಟುಕೊಂಡಿದ್ದರೆಂದು ಧರ್ಮವಿಚಾರಣಾ ಮಂಡಳಿ, ಅಂದರೆ ಇನ್‌ಕ್ವಿಸಿಷನ್, 1485ರಲ್ಲಿ ಅವರಿಗೆ ಸಾರ್ವಜನಿಕವಾಗಿ ಪ್ರಾಯಶ್ಚಿತ್ತ ಮಾಡಿಸಿತ್ತು. ವಂಶಶುದ್ಧಿಯ ಹುಚ್ಚು ಹಿಡಿದಿದ್ದ ಆ ಕಾಲದ ಸ್ಪೇನಿನಲ್ಲಿ ಇಂಥ ವಿಷಯವನ್ನು ಕುಟುಂಬಗಳು ಬಾಯಿಬಿಡುತ್ತಿರಲಿಲ್ಲ.

ಹುಡುಗಿ ಮಾತ್ರ ಬಲು ಚೂಟಿ. ಏಳು ವರ್ಷದ ಆಸುಪಾಸಿನಲ್ಲಿ ಅಣ್ಣ ರೊಡ್ರಿಗೊನ ಕೈ ಹಿಡಿದುಕೊಂಡು, ಮೂರರ ನಾಡಿಗೆ ಹೋಗಿ ದೇವರಿಗಾಗಿ ಪ್ರಾಣ ಕೊಡುತ್ತೇವೆಂದು ಮನೆ ಬಿಟ್ಟು ಹೊರಟೇಬಿಟ್ಟಳು. ಊರಾಚೆ ಸಿಕ್ಕ ಚಿಕ್ಕಪ್ಪ ಇಬ್ಬರನ್ನೂ ಹಿಡಿದು ಮನೆಗೆ ತಂದುಬಿಟ್ಟರು. ತಾಯಿ ಬಿಯಾಟ್ರಿಸ್‌ಗೆ ವೀರಯೋಧರ ಪ್ರೇಮಕಥೆಗಳ ಹುಚ್ಚು. ಅಪ್ಪನಿಗೆ ಅದು ಸೇರದು. ತಾಯಿ ಮಗಳು ಅಪ್ಪನ ಕಣ್ಣು ತಪ್ಪಿಸಿ ಓದುತ್ತಿದ್ದರು. ತೆರೇಸಾಗೆ ಹದಿಮೂರೋ ಹದಿನಾಲ್ಕೋ ವರ್ಷವಿದ್ದಾಗ ಆ ತಾಯಿ ತೀರಿಕೊಂಡರು.

ಇಪ್ಪತ್ತನೆಯ ವಯಸ್ಸಿನಲ್ಲಿ, 1535ರಲ್ಲಿ, ಅಪ್ಪನ ಒಪ್ಪಿಗೆ ಇಲ್ಲದೆ ಮನೆ ಬಿಟ್ಟು ಕಾರ್ಮೆಲ್ ಸಭೆಯ ಎನ್‌ಕಾರ್ನಾಸಿಯೋನ್ ಮಠ ಸೇರಿದರು. ಸ್ವಲ್ಪ ಕಾಲದಲ್ಲೇ ದೊಡ್ಡ ಕಾಯಿಲೆ ಬಿತ್ತು. ಬೆಸೆಡಾಸ್ ಎಂಬ ಹಳ್ಳಿಯಲ್ಲಿ ನಾಟಿ ವೈದ್ಯೆಯೊಬ್ಬಳು ಕೊಟ್ಟ ಔಷಧದಿಂದ ಮೈ ಇನ್ನಷ್ಟು ಕೆಟ್ಟಿತು. 1539ರ ಆಗಸ್ಟ್‌ನಲ್ಲಿ ಪ್ರಜ್ಞೆ ತಪ್ಪಿದವರು ನಾಲ್ಕು ದಿನ ಕಣ್ಣು ಬಿಡಲಿಲ್ಲ. ಸತ್ತರೆಂದೇ ತಿಳಿದು ಮಠದಲ್ಲಿ ಗುಂಡಿ ತೋಡಿಟ್ಟರು. ಎಚ್ಚರವಾದಾಗ ರೆಪ್ಪೆಗಳ ಮೇಲೆ ಮೇಣದ ಹನಿ ಅಂಟಿಕೊಂಡಿತ್ತು. ಆಮೇಲೆ ಹತ್ತಿರ ಹತ್ತಿರ ಮೂರು ವರ್ಷ ಕೈಕಾಲು ಸ್ವಾಧೀನವಿರಲಿಲ್ಲ. ಮೊದಲ ಸಲ ಅಂಬೆಗಾಲಿಡಲು ಸಾಧ್ಯವಾದಾಗ ದೇವರಿಗೆ ಧನ್ಯವಾದ ಹೇಳಿದರಂತೆ.

ಈ ಘಟನೆ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಒಳಗೆ ಯಾರೂ ಇಲ್ಲವೆಂದು ಸುತ್ತಲಿನವರೆಲ್ಲ ತೀರ್ಮಾನ ಮಾಡಿದ್ದಾಗಲೂ ಒಳಗೆ ಒಬ್ಬರಿದ್ದರು.

ಗುಣವಾದ ಮೇಲೆ ಸಂತಳಾಗಿಬಿಟ್ಟರೆಂದುಕೊಳ್ಳಬೇಡಿ. ಆ ಮಠದಲ್ಲಿ ಸುಮಾರು 180 ಮಂದಿ ಇದ್ದರು. ಶ್ರೀಮಂತರ ಮನೆಯಿಂದ ಬಂದವರಿಗೆ ಸ್ವಂತ ಕೋಣೆ, ಬಡವರಿಗೆ ಸಾಮೂಹಿಕ ಹಾಸಿಗೆ. ನೋಡಲು ಬರುವವರ ಜೊತೆ ಗಂಟೆಗಟ್ಟಲೆ ಹರಟೆ. ತೆರೇಸಾ ಮಾತುಗಾತಿ, ಎಲ್ಲರಿಗೂ ಬೇಕಾದವರು. ಪ್ರಾರ್ಥನೆಗೆ ಕೂತರೆ ಗಂಟೆ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಸುಮಾರು ಇಪ್ಪತ್ತು ವರ್ಷ ಹೀಗೇ ಕಳೆಯಿತು. 1554ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಗಾಯಗೊಂಡ ಯೇಸುವಿನ ಪ್ರತಿಮೆಯ ಮುಂದೆ ಕುಸಿದು ಅತ್ತರು. ಅದೇ ಕಾಲಕ್ಕೆ ಸಂತ ಅಗಸ್ಟೀನರ ಆತ್ಮನಿವೇದನೆ ಓದಿದರು. ದೇವರನ್ನು ಹೊರಗೆಲ್ಲ ಹುಡುಕಿ ಕೊನೆಗೆ ತನ್ನೊಳಗೇ ಕಂಡುಕೊಂಡ ಅಗಸ್ಟೀನರ ಮಾತು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮೌನವಾಗಿ ಒಳಗೆ ಪ್ರಾರ್ಥಿಸುವ ಹೆಂಗಸರ ಮೇಲೆ ಆಗ ಅನುಮಾನದ ಕಣ್ಣು. 1559ರಲ್ಲಿ ಇನ್‌ಕ್ವಿಸಿಷನ್ ಜನರ ಆಡುಭಾಷೆಯಲ್ಲಿದ್ದ ಹಲವು ಧಾರ್ಮಿಕ ಪುಸ್ತಕಗಳನ್ನು ನಿಷೇಧಿಸಿತು. ಲ್ಯಾಟಿನ್ ಬಾರದ ತೆರೇಸಾಗೆ ಓದಲು ಇದ್ದದ್ದೂ ಹೋಯಿತು. ಓದಲು ಪುಸ್ತಕವಿಲ್ಲದವರು ತಾವೇ ಬರೆಯಲು ಕೂತರು. ತಮ್ಮ ಜೀವನಚರಿತ್ರೆಯಲ್ಲಿ ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವುದಕ್ಕೆ ಹೋಲಿಸಿದ್ದಾರೆ. ಮೊದಲು ಬಾವಿಯಿಂದ ಸೇದಿ ಹಾಕಬೇಕು, ಆಮೇಲೆ ನೀರೆತ್ತುವ ಚಕ್ರ, ಆಮೇಲೆ ಹರಿಯುವ ತೊರೆ, ಕೊನೆಗೆ ನಮ್ಮ ಶ್ರಮವೇ ಇಲ್ಲದ ಮಳೆ.

1562ರ ಆಗಸ್ಟ್ 24ರಂದು ಆವಿಲಾದಲ್ಲೇ ಸಂತ ಜೋಸೆಫರ ಹೆಸರಿನ ಪುಟ್ಟ ಮಠ ಶುರುಮಾಡಿದರು. ಹೆಚ್ಚೆಂದರೆ ಹದಿಮೂರು ಮಂದಿ ಸಾಕು. ಮನೆತನದ ಬಿರುದುಗಳಿಲ್ಲ, ಕಾಲಿಗೆ ನಾರಿನ ಚಪ್ಪಲಿ, ಎಲ್ಲರೂ ಕೆಲಸ ಮಾಡಬೇಕು. ವರದಕ್ಷಿಣೆ ತರಲಾಗದ ಹುಡುಗಿಗೂ ಬಾಗಿಲು ತೆರೆದಿತ್ತು. ಊರಿನ ಆಡಳಿತ ಮೊಕದ್ದಮೆ ಹೂಡಿತು. ಅವರು ಜಗ್ಗಲಿಲ್ಲ. 1567ರಿಂದ ಮುಂದಿನ ಹದಿನೈದು ವರ್ಷ ಮುಚ್ಚಿದ ಗಾಡಿಗಳಲ್ಲಿ ಕೆಸರು, ಬಿಸಿಲು, ಹಿಮ ದಾಟುತ್ತಾ ಊರೂರು ಅಲೆದರು. ಒಟ್ಟು 17 ಮಠಗಳಾದವು. ಜಾಗದ ಪತ್ರ, ಸಾಲ, ಬಾಡಿಗೆ, ಛಾವಣಿ ಸೋರಿಕೆ ಎಲ್ಲ ತಾವೇ ನೋಡಿಕೊಂಡರು. ಹೆಂಗಸು ಹೀಗೆ ಅಲೆಯುವುದೇ ತಪ್ಪು ಎಂದು ಪೋಪರ ರಾಯಭಾರಿಯೇ ಅವರನ್ನು ಹಳಿದ. ಅವರ ಜೊತೆಗಾರ, ಕವಿ, ಶಿಲುಬೆಯ ಯೊವಾನ್ನರನ್ನು ಸ್ವಂತ ಸಭೆಯವರೇ 1577ರ ಡಿಸೆಂಬರ್‌ನಲ್ಲಿ ಹಿಡಿದು ಟೊಲೆಡೊದಲ್ಲಿ ಕೂಡಿಹಾಕಿದರು.

ಒಳಗಿನ ಕೋಟೆ ಬರೆದದ್ದು ಅದೇ ವರ್ಷ. ಜೀವನಚರಿತ್ರೆಯ ಹಸ್ತಪ್ರತಿ ಇನ್‌ಕ್ವಿಸಿಷನ್ ವಶದಲ್ಲಿತ್ತು, ಹಾಗಾಗಿ ಇನ್ನೊಂದು ಬರೆಯಿರಿ ಎಂದು ಗುರುಗಳು ಹೇಳಿದರು. ಅವರಿಗೆ ಆಗ 62 ವರ್ಷ. ತಲೆಯೊಳಗೆ ನದಿಗಳು ಭೋರ್ಗರೆದಂತೆ ಸದ್ದು. ಆದರೂ ಜೂನ್ 2ಕ್ಕೆ ಶುರುಮಾಡಿ ನವೆಂಬರ್ 29ಕ್ಕೆ ಮುಗಿಸಿದರು.

ಅವರ ಕಣ್ಣಿಗೆ ಕಂಡ ಆತ್ಮ ಒಂದೇ ವಜ್ರದಿಂದಲೋ ಶುದ್ಧ ಸ್ಫಟಿಕದಿಂದಲೋ ಮಾಡಿದ ಕೋಟೆ. ಅದರಲ್ಲಿ ಏಳು ಸುತ್ತು, ಒಂದೊಂದರಲ್ಲೂ ಹಲವು ಕೋಣೆ. ನಟ್ಟನಡುವೆ ದೇವರ ವಾಸ. ಒಳಹೋಗುವ ಬಾಗಿಲು ಪ್ರಾರ್ಥನೆ. ನಮ್ಮಲ್ಲಿ ಹೆಚ್ಚಿನವರು ಹುಳಹುಪ್ಪಟೆ ಹಾವುಹಲ್ಲಿಗಳ ಜೊತೆ ಕೋಟೆಯ ಹೊರ ಅಂಗಳದಲ್ಲೇ ಜೀವನ ಕಳೆಯುತ್ತೇವೆ ಎಂಬುದು ಅವರ ಕೊರಗು.

ಐದನೆಯ ಸುತ್ತಿನಲ್ಲಿ ರೇಷ್ಮೆ ಹುಳು ಬರುತ್ತದೆ! ಹಿಪ್ಪುನೇರಳೆ ಸೊಪ್ಪು ತಿಂದು ಗೂಡು ಕಟ್ಟಿ, ಅದರೊಳಗೆ ಸತ್ತು, ಬಿಳಿ ಚಿಟ್ಟೆಯಾಗಿ ಹೊರಬರುವ ಹಾಗೆ ಆತ್ಮವೂ ಹಳೆಯ ತನ್ನತನ ಕಳೆದುಕೊಂಡು ಹೊಸದಾಗುತ್ತದೆ ಎನ್ನುತ್ತಾರೆ. ತಾನು ಕಣ್ಣಾರೆ ನೋಡಿಲ್ಲ, ಕೇಳಿದ್ದಷ್ಟೇ, ತಪ್ಪಿದ್ದರೆ ತನ್ನ ಹೊಣೆಯಲ್ಲ ಎಂದೂ ಪ್ರಾಮಾಣಿಕವಾಗಿ ಸೇರಿಸಿದ್ದಾರೆ. ನಾನು ನೋಡಿದ್ದೇನೆ. ನಮ್ಮ ಕಡೆ ನೂಲು ತೆಗೆಯುವ ಗೂಡಿನಿಂದ ಚಿಟ್ಟೆ ಬರಲು ಬಿಡುವುದಿಲ್ಲ. ಬಿತ್ತನೆ ಗೂಡಿಗೆ ಮಾತ್ರ ಆ ಭಾಗ್ಯ.

ಏಳನೆಯ ಸುತ್ತಿನಲ್ಲಿ ಆತ್ಮ ದೇವರೊಂದಿಗೆ ಸೇರುವುದನ್ನು ನದಿಗೆ ಬಿದ್ದ ಮಳೆನೀರಿಗೆ ಹೋಲಿಸುತ್ತಾರೆ. ಓದುತ್ತಾ ನನಗೆ ನಮ್ಮ ಅಕ್ಕಮಹಾದೇವಿ ನೆನಪಾದರು. ಆದರೆ ವ್ಯತ್ಯಾಸವಿದೆ. ಕ್ರೈಸ್ತರ ನಂಬಿಕೆಯಲ್ಲಿ ಆತ್ಮ ದೇವರ ಅಂಶವಲ್ಲ, ದೇವರು ಸೃಷ್ಟಿಸಿದ್ದು, ದೇವರ ಪ್ರತಿರೂಪದಲ್ಲಿ. ಪ್ರತಿಯೊಬ್ಬರಿಗೂ ಒಂದೊಂದು, ಅದಕ್ಕೆ ಸಾವಿಲ್ಲ, ಮರುಜನ್ಮವೂ ಇಲ್ಲ. ದೇಹ ಅದಕ್ಕೆ ಬಟ್ಟೆಯಂತಲ್ಲ. ಎರಡೂ ಸೇರಿಯೇ ಒಬ್ಬ ಮನುಷ್ಯ, ಕೊನೆಯ ದಿನ ದೇಹವೂ ಎದ್ದುಬರುತ್ತದೆ ಎಂದು ಅವರ ಭರವಸೆ. ಸ್ಮರಣೆ, ಬುದ್ಧಿ, ಇಚ್ಛೆ ಇವು ಆತ್ಮದ ಶಕ್ತಿಗಳು. ಆದರೆ ಶಕ್ತಿಗಳೇ ಆತ್ಮವಲ್ಲ. ತಲೆಯಲ್ಲಿ ಗದ್ದಲವಿದ್ದರೂ ಒಳಕೋಣೆ ಶಾಂತವಾಗಿರಬಲ್ಲದು ಎಂಬುದನ್ನು ತೆರೇಸಾ ತಮ್ಮ ತಲೆಯ ಸದ್ದಿನಿಂದಲೇ ಕಲಿತರು.

ನಡುವಿನ ಬೆಳಕಿನ ಬಗ್ಗೆ ಇನ್ನೊಂದು ಮಾತಿದೆ. ಸ್ಫಟಿಕದ ಮೇಲೆ ಕಪ್ಪು ಬಟ್ಟೆ ಹೊದಿಸಿದರೆ ಬೆಳಕು ಹೊರಗೆ ಕಾಣುವುದಿಲ್ಲ, ಆದರೆ ಒಳಗಿನ ಸೂರ್ಯ ಆರುವುದಿಲ್ಲ. ಅವರು ಇದನ್ನು ಹೇಳಿದ್ದು ಪಾಪದ ಬಗ್ಗೆ, ಕಾಯಿಲೆಯ ಬಗ್ಗೆ ಅಲ್ಲ. ನಾನು ಮಾತ್ರ ಅದನ್ನು ಅತ್ತೆಯವರ ಹಾಸಿಗೆಯ ಪಕ್ಕ ಕೂತು ಓದಿದೆ.

1582ರಲ್ಲಿ ಬುರ್ಗೋಸ್ ಊರಿನ ಕೊನೆಯ ಮಠ ಮುಗಿಸಿ ಬರುತ್ತಿದ್ದ ತೆರೇಸಾ ದಾರಿಯಲ್ಲೇ ಕಾಯಿಲೆ ಬಿದ್ದು ಆಲ್ಬಾ ಡಿ ಟಾರ್ಮೆಸ್ ತಲುಪಿದರು. ಅಕ್ಟೋಬರ್ 4ರ ರಾತ್ರಿ ತೀರಿಕೊಂಡರು. ಮಾರನೆಯ ದಿನ ಅಕ್ಟೋಬರ್ 15! ಪಂಚಾಂಗ ಬದಲಾಗಿ ನಡುವಿನ ಹತ್ತು ದಿನ ಬಿಟ್ಟುಹೋದದ್ದು ಅದೇ ರಾತ್ರಿ. ಜಾವಾದಲ್ಲಿ ದಿನಾಂಕದ ಕೋಡ್ ಬರೆದ ನನ್ನಂಥವರಿಗೆ 1582ರ ಅಕ್ಟೋಬರ್ 15 ಪರಿಚಿತ ತಾರೀಖು. ಅದರ ಹಿಂದಿನ ರಾತ್ರಿ ಇಂಥವರೊಬ್ಬರು ಹೋದರೆಂದು ಮಾತ್ರ ಗೊತ್ತಿರಲಿಲ್ಲ. 1622ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. 1970ರ ಸೆಪ್ಟೆಂಬರ್ 27ರಂದು ಧರ್ಮಸಭೆಯ ಆಚಾರ್ಯೆ ಎಂಬ ಗೌರವ ಪಡೆದ ಮೊದಲ ಮಹಿಳೆಯಾದರು. ಅವರ ದಾರಿಯ ಸನ್ಯಾಸಿನಿಯರು 1870ರಲ್ಲಿ ನಮ್ಮ ಮಂಗಳೂರಿಗೂ ಬಂದರು. ಅವರೊಂದಿಗೆ ಬಂದು ಎರಡು ವರ್ಷ ಅಲ್ಲಿದ್ದ ಪ್ಯಾಲೆಸ್ಟೀನಿನ ಮರಿಯಂ ಬವಾರ್ದಿ 2015ರಲ್ಲಿ ಸಂತರಾದರು.

ಏಳನೆಯ ಸುತ್ತು ತಲುಪಿದವರು ಕಣ್ಣು ಮುಚ್ಚಿ ಕೂತುಬಿಡಬೇಕೆಂದು ತೆರೇಸಾ ಹೇಳಲಿಲ್ಲ. ಅಲ್ಲಿಗೆ ಹೋದವರ ಗುರುತು ಅವರ ಕೆಲಸ ಎಂದರು. ಅಡುಗೆಮನೆಯ ಪಾತ್ರೆಗಳ ನಡುವೆಯೂ ದೇವರು ಓಡಾಡುತ್ತಾನೆ ಎಂದು ತಂಗಿಯರಿಗೆ ತಿಳಿಹೇಳಿದರು.

ಮನೆಯಲ್ಲಿ ಅತ್ತೆಯವರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಮಾತು ಈಗಲೂ ಆಗಾಗ ಬರುತ್ತದೆ. ಹಾಗೆ ಸೇರಿಸಿದವರನ್ನು ನಾನು ತಪ್ಪೆನ್ನಲಾರೆ, ಮುಂದೆ ನಾವೂ ಸೇರಿಸಬೇಕಾಗಬಹುದು. ಆದರೆ ಒಳಗೆ ಯಾರೂ ಇಲ್ಲ ಎಂಬ ಕಾರಣಕ್ಕೆ ಸೇರಿಸುವುದಿಲ್ಲ ಎಂದು ನಾನೂ ನನ್ನ ಯಜಮಾನರೂ ಮಾತಾಡಿಕೊಂಡಿದ್ದೇವೆ. ರಾತ್ರಿ ಅತ್ತೆಯವರ ಕೈ ಹೊದಿಕೆಯ ಮೇಲೆ ಅತ್ತಿಂದಿತ್ತ ಆಡುತ್ತಿರುತ್ತದೆ. ತಟ್ಟೆಯ ಮೇಲೆ ಹುಳುಗಳಿಗೆ ಸೊಪ್ಪು ಹರಡುವ ಕೈ ಅದು. ಮೊದಲು ಆ ಕೈ ಹಿಡಿದು ಸುಮ್ಮನಾಗಿಸುತ್ತಿದ್ದೆ. ಈಗ ಪಕ್ಕದಲ್ಲಿ ಕೂತು, ಸೊಪ್ಪು ಸಾಕಾ ಅತ್ತೆ, ಇನ್ನೂ ತರಲಾ ಎಂದು ಕೇಳುತ್ತೇನೆ. ಕೆಲವು ದಿನ ತಲೆಯಾಡಿಸುತ್ತಾರೆ.