ಮುಂಬಯಿ ಷೇರುಪೇಟೆಯ ಶ್ರೇಷ್ಠಿ ಪ್ರೇಮಚಂದ್ ರಾಯಚಂದ್

ಮುಂಬಯಿಯ ಕೋಟೆ ಪ್ರದೇಶದಲ್ಲಿ ವಿಶ್ವವಿದ್ಯಾಲಯದ ಆವರಣದೊಳಗೆ ಸುಮಾರು 280 ಅಡಿ ಎತ್ತರದ ಗಡಿಯಾರ ಗೋಪುರವೊಂದಿದೆ. ಅದರ ಹೆಸರು ರಾಜಾಬಾಯಿ ಗೋಪುರ. ರಾಜಾಬಾಯಿ ರಾಣಿಯಲ್ಲ, ರಾಜಮನೆತನದವರೂ ಅಲ್ಲ. ಸೂರತ್ತಿನಿಂದ ಬಂದ ಓಸ್ವಾಲ್ ಜೈನ ಮನೆತನದ ಸಾಮಾನ್ಯ ಗೃಹಿಣಿ. ಆ ಗೋಪುರಕ್ಕೆ ಹಣ ಕೊಟ್ಟು ತಾಯಿಯ ಹೆಸರಿಡಿಸಿದವರು ಶ್ರೇಷ್ಠಿ ಪ್ರೇಮಚಂದ್ ರಾಯಚಂದ್. ಭಾರತದ ಷೇರುಪೇಟೆಯ ಚರಿತ್ರೆ ಇವರನ್ನು ಬಿಟ್ಟು ಮುಂದೆ ಸಾಗುವುದಿಲ್ಲ. ದುಡಿಮೆ ಆರಂಭಿಸಿ ಮೊದಲ ಉಳಿತಾಯವನ್ನು ಎಲ್ಲಿ ತೊಡಗಿಸಬೇಕೆಂದು ಯೋಚಿಸುವ ಇಂದಿನ ತರುಣ ತರುಣಿಯರು ಇವರ ಜೀವನದ ಏರನ್ನೂ ಇಳಿತವನ್ನೂ ತಿಳಿದಿರಬೇಕು.

ಬಾಲ್ಯ ಮತ್ತು ವಿದ್ಯೆ

ಪ್ರೇಮಚಂದರು 1831ರಲ್ಲಿ ಸೂರತ್ತಿನಲ್ಲಿ ಜನಿಸಿದರು. ತಂದೆ ರಾಯಚಂದ್ ದೀಪಚಂದ್ ವ್ಯಾಪಾರಿಗಳು. ಆ ಕಾಲಕ್ಕೆ ಸೂರತ್ತಿನ ವೈಭವ ಕರಗಿ ವ್ಯಾಪಾರವೆಲ್ಲ ಮುಂಬಯಿಯ ಬಂದರಿನ ಕಡೆಗೆ ಸರಿಯುತ್ತಿತ್ತು. ಅನೇಕ ಗುಜರಾತಿ ಕುಟುಂಬಗಳಂತೆ ಈ ಕುಟುಂಬವೂ ಮುಂಬಯಿಗೆ ಬಂದು ನೆಲೆಸಿತು. ಬಾಲಕ ಪ್ರೇಮಚಂದರಿಗೆ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಶಿಕ್ಷಣ ದೊರೆಯಿತು. ವ್ಯಾಪಾರಿ ಮನೆತನದ ಮಕ್ಕಳು ಲೆಕ್ಕ ಕಲಿತ ಕೂಡಲೇ ಅಂಗಡಿಗೆ ಕೂರುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಅವರು ಇಂಗ್ಲಿಷನ್ನು ಓದಲು, ಬರೆಯಲು, ಮಾತನಾಡಲು ಚೆನ್ನಾಗಿ ಕಲಿತರು. ಈ ವಿದ್ಯೆಯೇ ಅವರ ಮೊದಲ ಬಂಡವಾಳವಾಯಿತು.

ಹದಿನೆಂಟರ ಹರೆಯದಲ್ಲಿ ಆರಂಭ

1849ರಲ್ಲಿ ಪ್ರೇಮಚಂದರು ಒಬ್ಬ ಹಿರಿಯ ದಲಾಲರ ಬಳಿ ಸಹಾಯಕರಾಗಿ ಸೇರಿದರು. ಆಗ ಷೇರುಪೇಟೆಗೆ ಕಟ್ಟಡವೂ ಇರಲಿಲ್ಲ, ಲಿಖಿತ ನಿಯಮವೂ ಇರಲಿಲ್ಲ. ಟೌನ್ ಹಾಲ್ ಎದುರಿನ ಮೈದಾನದಲ್ಲಿ, ಆಲದ ಮರದ ನೆರಳಿನಲ್ಲಿ ದಲಾಲರು ಕೂಡುತ್ತಿದ್ದರು. ಮಾರಾಟಕ್ಕಿದ್ದದ್ದು ಕೆಲವು ಬ್ಯಾಂಕುಗಳ ಷೇರು ಮತ್ತು ಸರಕಾರಿ ಸಾಲಪತ್ರಗಳು ಮಾತ್ರ. 1855ರ ಸುಮಾರಿಗೆ ಈ ಕಸುಬಿನಲ್ಲಿದ್ದವರು ಇಪ್ಪತ್ತೆರಡು ಮಂದಿ.

ದಲಾಲಿ ಎಂದರೆ ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸಿ ಪ್ರತಿಫಲ ಪಡೆಯುವ ಕೆಲಸ. ಇದಕ್ಕೆ ಸ್ವಂತ ಹಣ ಹೆಚ್ಚು ಬೇಕಿಲ್ಲ. ಬೇಕಾದದ್ದು ಜನರ ವಿಶ್ವಾಸ, ಬೆಲೆಯ ತಿಳಿವಳಿಕೆ, ಆಡಿದ ಮಾತು ತಪ್ಪದ ನಡತೆ. ಯುರೋಪಿಯನ್ ಬ್ಯಾಂಕರುಗಳೊಡನೆ ಅವರದೇ ಭಾಷೆಯಲ್ಲಿ ವ್ಯವಹರಿಸಬಲ್ಲ ಮೊದಲ ಭಾರತೀಯ ದಲಾಲರೆಂದು ಪ್ರೇಮಚಂದರು ಹೆಸರಾದರು. ಅವರ ಜ್ಞಾಪಕಶಕ್ತಿಯೂ ಅಸಾಧಾರಣವಾಗಿತ್ತು. ಯಾವ ಬ್ಯಾಂಕು ಯಾರಿಗೆ ಸಾಲ ಕೊಡುತ್ತದೆ, ಯಾವ ಷೇರಿಗೆ ಎಷ್ಟು ಲಾಭಾಂಶ ಬರುತ್ತದೆ ಎಂಬುದನ್ನು ಅವರು ಪೇಟೆಯಲ್ಲಿ ನಿಂತು, ನೋಡಿ, ಕೇಳಿ ಕಲಿತರು. ಮೂವತ್ತು ತುಂಬುವ ಹೊತ್ತಿಗೆ ಅವರು ಪೇಟೆಯ ಮುಂಚೂಣಿಯ ದಲಾಲರಾಗಿದ್ದರು.

ಮೊದಲು ಕಲಿಕೆ, ಆಮೇಲೆ ದುಡಿಮೆಯ ಆದಾಯ, ಅದರ ಉಳಿತಾಯದಿಂದ ಹೂಡಿಕೆ: ಅವರ ಮೊದಲ ಹತ್ತು ವರ್ಷಗಳು ಈ ಕ್ರಮದಲ್ಲಿಯೇ ನಡೆದವು. ಮುಂದೆ ಕಷ್ಟ ಬಂದದ್ದು ಈ ಕ್ರಮ ತಪ್ಪಿದಾಗ.

ಹತ್ತಿಯ ಹೊನ್ನಿನ ಕಾಲ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳು ತಮಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲನ್ನು ಅಮೆರಿಕದಿಂದಲೇ ತರಿಸುತ್ತಿದ್ದವು. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿದ್ದರಿಂದ ಆ ಹತ್ತಿ ನಿಂತುಹೋಯಿತು. ಗಿರಣಿಗಳು ಭಾರತದ ಕಡೆ ತಿರುಗಿದವು. ಮುಂಬಯಿಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು.

ಈ ಏರಿಕೆ ಕನ್ನಡ ನಾಡನ್ನೂ ಮುಟ್ಟಿತು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹುಬ್ಬಳ್ಳಿ, ಗದಗ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಹತ್ತಿ, ಧಾರವಾಡ ಹತ್ತಿ ಎಂಬ ಹೆಸರುಗಳೇ ಚಾಲ್ತಿಯಲ್ಲಿದ್ದವು. ಯುದ್ಧದ ವರ್ಷಗಳಲ್ಲಿ ಉತ್ತರ ಕರ್ನಾಟಕದ ರೈತರೂ ವ್ಯಾಪಾರಿಗಳೂ ಹಿಂದೆಂದೂ ಕಾಣದಷ್ಟು ನಗದನ್ನು ಕಂಡರು.

ಮುಂಬಯಿಗೆ ಹರಿದು ಬಂದ ಹಣಕ್ಕೆ ತೊಡಗಲು ದಾರಿ ಬೇಕಿತ್ತು. ಹೊಸ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳು ದಿನಕ್ಕೊಂದರಂತೆ ಹುಟ್ಟಿಕೊಂಡವು. 1860ರಲ್ಲಿ ಅರವತ್ತರಷ್ಟಿದ್ದ ದಲಾಲರ ಸಂಖ್ಯೆ ಇನ್ನೂರನ್ನು ದಾಟಿತು. ಈ ಇಡೀ ಪೇಟೆಗೆ ಪ್ರೇಮಚಂದರೇ ನಾಯಕರು. ಅವರು ಹತ್ತಿಯಲ್ಲಿಯೂ ವ್ಯಾಪಾರ ನಡೆಸಿದರು. ಏಷಿಯಾಟಿಕ್ ಬ್ಯಾಂಕಿಂಗ್ ಕಾರ್ಪೊರೇಷನ್ ಅವರ ಹಿಡಿತದಲ್ಲಿತ್ತು. ಬ್ಯಾಕ್ ಬೇ ಸಮುದ್ರ ತುಂಬಿಸುವ ಕಂಪನಿಯ ಹಿಂದೆಯೂ ಅವರಿದ್ದರು. ಒಂದು ಕಂಪನಿಯಲ್ಲಿ ಅವರ ಹೆಸರಿದೆ ಎಂದರೆ ಸಾಕು, ಜನ ಷೇರಿಗೆ ಮುಗಿಬೀಳುತ್ತಿದ್ದರು. ಷೇರು ಕೊಡಿಸಿರೆಂದು ಕೇಳಿಕೊಂಡು ಅವರ ಮನೆಬಾಗಿಲಿಗೆ ಬರುವವರಲ್ಲಿ ಭಾರತೀಯರೂ ಇದ್ದರು, ಆಂಗ್ಲರೂ ಇದ್ದರು.

ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000 ರೂಪಾಯಿಯವರೆಗೆ ಏರಿತು. ಆದರೆ ಆ ಕಂಪನಿ ಇನ್ನೂ ಸಮುದ್ರವನ್ನು ತುಂಬಿಸಿರಲಿಲ್ಲ, ಮಾರಲು ನೆಲವಿರಲಿಲ್ಲ, ಹಂಚಲು ಲಾಭವಿರಲಿಲ್ಲ. ನಾಳೆ ಇನ್ನೊಬ್ಬರು ಇನ್ನೂ ಹೆಚ್ಚು ಕೊಡುತ್ತಾರೆ ಎಂಬ ನಂಬಿಕೆಯೊಂದೇ ಆ ಬೆಲೆಗೆ ಆಧಾರವಾಗಿತ್ತು.

ಸಾಲದ ಹಣ, ವಾಯಿದೆಯ ದಿನ

ಬ್ಯಾಂಕ್ ಆಫ್ ಬಾಂಬೆ 1840ರಲ್ಲಿ ಸ್ಥಾಪನೆಯಾದ, ಸರಕಾರದ ಪಾಲೂ ಇದ್ದ ಗೌರವದ ಬ್ಯಾಂಕು. ಮೊದಲಿಗೆ ಷೇರುಗಳ ಒತ್ತೆಯ ಮೇಲೆ ಸಾಲ ಕೊಡಲು ಅದಕ್ಕೆ ಅವಕಾಶವಿರಲಿಲ್ಲ. 1863ರ ಕಾಯ್ದೆ ಈ ಕಟ್ಟನ್ನು ಸಡಿಲಿಸಿತು. ಅಂದಿನಿಂದ ಏರಿದ ಷೇರನ್ನು ಒತ್ತೆಯಿಟ್ಟು ಸಾಲ ಪಡೆಯುವುದು, ಆ ಸಾಲದಿಂದ ಮತ್ತಷ್ಟು ಷೇರು ಕೊಳ್ಳುವುದು, ಅದರಿಂದ ಬೆಲೆ ಮತ್ತೆ ಏರುವುದು, ಇದೊಂದು ಚಕ್ರವಾಗಿಬಿಟ್ಟಿತು. ಪ್ರೇಮಚಂದರು ಈ ಬ್ಯಾಂಕಿನಿಂದ ಭಾರೀ ಮೊತ್ತದ ಸಾಲ ಪಡೆದರು. ಅವರ ಮಾತಿನ ಮೇಲೆ ಬೇರೆಯವರಿಗೂ ಸಾಲ ಸಿಗುತ್ತಿತ್ತು.

ಇದರ ಜೊತೆಗೆ ವಾಯಿದೆ ವ್ಯವಹಾರ ಬೆಳೆಯಿತು. ಇಂತಿಷ್ಟು ಬೆಲೆಗೆ ಇಂಥ ದಿನ ಷೇರು ಕೊಳ್ಳುತ್ತೇನೆ ಎಂದು ಇಂದೇ ಒಪ್ಪಂದ ಮಾಡಿಕೊಳ್ಳುವುದು, ಆ ದಿನದೊಳಗೆ ಬೆಲೆ ಏರಿದರೆ ವ್ಯತ್ಯಾಸವನ್ನು ಲಾಭವಾಗಿ ಪಡೆಯುವುದು ಇದರ ರೀತಿ. ಕೈಯಲ್ಲಿ ಹಣವಿಲ್ಲದವರೂ ಲಕ್ಷಗಟ್ಟಲೆ ಒಪ್ಪಂದ ಮಾಡಿಕೊಂಡರು. ಅಂಥ ಅಸಂಖ್ಯ ಒಪ್ಪಂದಗಳಿಗೆ ಗೊತ್ತಾದ ದಿನ 1865ರ ಜುಲೈ 1.

ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದರು. ಅಮೆರಿಕದ ಹತ್ತಿ ಮರಳಿ ಬರುವುದು ಖಚಿತವಾಯಿತು. ಸುದ್ದಿ ಮುಂಬಯಿಗೆ ಮುಟ್ಟಿದಂತೆ ಹತ್ತಿಯ ಬೆಲೆ ಕುಸಿಯಿತು, ಹಿಂದೆಯೇ ಷೇರುಗಳೂ ಕುಸಿದವು. ಜುಲೈ 1 ಬಂದಾಗ ಕೊಳ್ಳುತ್ತೇನೆಂದವರ ಬಳಿ ಹಣವಿರಲಿಲ್ಲ. ಒಬ್ಬರು ಕೊಡದೆ ಇದ್ದುದರಿಂದ ಮತ್ತೊಬ್ಬರು ಕೊಡಲಾರದಾದರು. ಒಂದೇ ದಿನದಲ್ಲಿ ನಗರದ ಹೆಸರಾಂತ ಮನೆತನಗಳು ಮುಳುಗಿದವು. ಏರಿದ್ದಾಗ 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು ಕೊನೆಗೆ 87 ರೂಪಾಯಿಗೆ ಇಳಿಯಿತು. ದಿವಾಳಿಯ ಪ್ರಕರಣಗಳನ್ನು ಇತ್ಯರ್ಥಪಡಿಸಲೆಂದೇ ಸರಕಾರ 1865ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು.

ಪ್ರೇಮಚಂದರೂ ಪಾರಾಗಲಿಲ್ಲ. ಮೂವತ್ತನಾಲ್ಕರ ಹರೆಯದಲ್ಲಿ ಅವರ ಕೋಟಿಗಟ್ಟಲೆ ಸಂಪತ್ತು ಸಾಲಗಾರರ ಪಾಲಾಯಿತು. ಏಷಿಯಾಟಿಕ್ ಬ್ಯಾಂಕು ಮುಚ್ಚಿತು. ಬ್ಯಾಂಕ್ ಆಫ್ ಬಾಂಬೆಯೂ ಉಳಿಯಲಿಲ್ಲ. 1868ರಲ್ಲಿ ಅದರ ಜಾಗದಲ್ಲಿ ಹೊಸ ಬ್ಯಾಂಕ್ ಆಫ್ ಬಾಂಬೆಯನ್ನು ಸ್ಥಾಪಿಸಲಾಯಿತು. ಇಂದಿನ ಸ್ಟೇಟ್ ಬ್ಯಾಂಕಿನ ಮೂಲಗಳಲ್ಲಿ ಅದೂ ಒಂದು. ಹಳೆಯ ಬ್ಯಾಂಕಿನ ಪತನವನ್ನು ಪರಿಶೀಲಿಸಿದ ಆಯೋಗದ ಮುಂದೆ ಪ್ರೇಮಚಂದರ ಸಾಲಗಳು ಮುಖ್ಯ ವಿಷಯವಾದವು. ಅವರನ್ನು ನಂಬಿ ಷೇರು ಕೊಂಡ ಅನೇಕ ಸಣ್ಣ ಜನರೂ ಕಳೆದುಕೊಂಡರು. ಅವರ ಜೀವನ ಚರಿತ್ರೆಯಲ್ಲಿ ಈ ಭಾಗವನ್ನು ಮರೆಮಾಚುವುದು ನ್ಯಾಯವಲ್ಲ.

ಉಳಿದದ್ದು ದಾನ

ಉತ್ಕರ್ಷದ ದಿನಗಳಲ್ಲಿಯೇ, 1864ರಲ್ಲಿ, ಪ್ರೇಮಚಂದರು ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕಾಗಿ 2 ಲಕ್ಷ ರೂಪಾಯಿ, ಗಡಿಯಾರ ಗೋಪುರಕ್ಕಾಗಿ ಮತ್ತೆ 2 ಲಕ್ಷ ರೂಪಾಯಿ ಕೊಟ್ಟಿದ್ದರು. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಎಂಬ ಆಂಗ್ಲ ಶಿಲ್ಪಿಯ ವಿನ್ಯಾಸದಂತೆ 1869ರಲ್ಲಿ ಅಡಿಗಲ್ಲು ಬಿದ್ದು 1878ರಲ್ಲಿ ಗೋಪುರ ಪೂರ್ಣಗೊಂಡಿತು. ರಾಜಾಬಾಯಿಯವರಿಗೆ ಕಣ್ಣು ಕಾಣುತ್ತಿರಲಿಲ್ಲ. ರಾತ್ರಿಭೋಜನ ತ್ಯಾಗದ ನಿಯಮ ಪಾಲಿಸುತ್ತಿದ್ದ ಆ ತಾಯಿಗೆ ಸೂರ್ಯಾಸ್ತದ ಮೊದಲು ಊಟದ ಹೊತ್ತು ತಿಳಿಯಲೆಂದು ಗಂಟೆಯ ವ್ಯವಸ್ಥೆಯಾಯಿತೆಂದು ಜನರಲ್ಲಿ ಕಥೆಯಿದೆ.

ಕಲ್ಕತ್ತಾ ವಿಶ್ವವಿದ್ಯಾಲಯಕ್ಕೂ ಅವರು 2 ಲಕ್ಷ ರೂಪಾಯಿ ಕೊಟ್ಟರು. ಅದರಿಂದ ನಡೆದುಬಂದ ಪ್ರೇಮಚಂದ್ ರಾಯಚಂದ್ ವಿದ್ಯಾರ್ಥಿವೇತನ ಬಂಗಾಳದ ವಿದ್ವತ್ ಲೋಕದಲ್ಲಿ ದೊಡ್ಡ ಗೌರವವೆನಿಸಿತು. ಅಶುತೋಷ್ ಮುಖರ್ಜಿ, ಇತಿಹಾಸಕಾರ ಜದುನಾಥ ಸರ್ಕಾರ್ ಮೊದಲಾದವರು ಅದನ್ನು ಪಡೆದವರು. ಗುಜರಾತಿನಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕೂ ಪ್ರೇಮಚಂದರು ನೆರವಾದರು. ತನಗಾಗಿ ಇಟ್ಟುಕೊಂಡ ಸಂಪತ್ತೆಲ್ಲ 1865ರ ಬಿರುಗಾಳಿಯಲ್ಲಿ ಹೋಯಿತು. ಪರರಿಗೆಂದು ಕೊಟ್ಟದ್ದು ಇಂದಿಗೂ ನಿಂತಿದೆ.

ಮರಳಿ ಪೇಟೆಗೆ

ದಿವಾಳಿಯಾದ ನಂತರ ಪ್ರೇಮಚಂದರು ಊರು ಬಿಟ್ಟು ಹೋಗಲಿಲ್ಲ. ಯೌವನದಲ್ಲಿ ಕಲಿತ ಕಸುಬಿಗೇ ಮರಳಿ, ದಲಾಲಿಯಿಂದ ನಿಧಾನವಾಗಿ ಜೀವನ ಕಟ್ಟಿಕೊಂಡರು. 1875ರಲ್ಲಿ ಮುಂಬಯಿಯ ದಲಾಲರು ಕೂಡಿ ತಮ್ಮದೇ ಸಂಘ ಸ್ಥಾಪಿಸಿದಾಗ ಅದರ ಸ್ಥಾಪಕರಲ್ಲಿ ಅವರು ಪ್ರಮುಖರು. ಅಂದಿನ ಪ್ರವೇಶ ಶುಲ್ಕ ಒಂದು ರೂಪಾಯಿ. ಆ ಸಂಘವೇ ದಲಾಲ್ ಸ್ಟ್ರೀಟಿನ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರವಾಗಿ ಬೆಳೆದಿದೆ. ಏಷ್ಯಾದ ಅತ್ಯಂತ ಹಳೆಯ ಷೇರುಪೇಟೆ ಅದು. ಕುಸಿತದ ಬಳಿಕ ನಾಲ್ಕು ದಶಕ ಬಾಳಿ 1906ರಲ್ಲಿ ಪ್ರೇಮಚಂದರು ದೇಹತ್ಯಾಗ ಮಾಡಿದರು. ದಾದಾಭಾಯಿ ನವರೋಜಿಯವರ ಸಮಕಾಲೀನ ನಾಯಕರಾದ ದಿನ್ಶಾ ವಾಚಾ ಅವರ ಜೀವನವನ್ನು ಕುರಿತು ಪುಸ್ತಕ ಬರೆದರು.

ಯುವ ಶ್ರಾವಕರಿಗೆ

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ಅಣುವ್ರತದ ಐದು ಅತಿಚಾರಗಳನ್ನು ಹೇಳಲಾಗಿದೆ: ಮಿತಿಮೀರಿ ಓಡಿಸುವುದು, ಮಿತಿಮೀರಿ ಸಂಗ್ರಹಿಸುವುದು, ಪರರ ಸಂಪತ್ತು ಕಂಡು ವಿಸ್ಮಯಪಡುವುದು, ಲೋಭ, ಹೊರಲಾರದ ಭಾರ ಹೇರುವುದು. 1865ರ ಮುಂಬಯಿಯಲ್ಲಿ ಈ ಐದೂ ಒಟ್ಟಿಗೆ ಕಾಣುತ್ತವೆ. ನೆರೆಮನೆಯವರ ಲಾಭ ಕಂಡು ಬೆರಗಾದವರು ಷೇರು ಕೊಂಡರು. ಹೊರಲಾರದ ಭಾರವಾದದ್ದು ಸಾಲ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಆಯಕ್ಕೆ ತಕ್ಕ ವ್ಯಯವನ್ನು ಗೃಹಸ್ಥನ ಗುಣಗಳಲ್ಲಿ ಎಣಿಸುತ್ತದೆ.

ಹೂಡಿಕೆ ಮಾಡುವುದು ತಪ್ಪೆಂದು ಪ್ರೇಮಚಂದರ ಜೀವನ ಹೇಳುವುದಿಲ್ಲ. ಹದಿನೆಂಟರಲ್ಲಿ ಆರಂಭಿಸಿ ಪೇಟೆಯನ್ನು ಕಲಿತದ್ದು, ಇಂಗ್ಲಿಷ್ ವಿದ್ಯೆಯನ್ನು ಬಳಸಿಕೊಂಡದ್ದು, ವಿಶ್ವಾಸ ಗಳಿಸಿದ್ದು ಅವರನ್ನು ಎತ್ತಿದವು. ಸೋತ ಮೇಲೆ ಮತ್ತೆ ಎದ್ದು ನಿಲ್ಲಿಸಿದ್ದೂ ಅವೇ. ಕೆಡವಿದ್ದು ಸಾಲ ಮಾಡಿ ಕೊಂಡ ಷೇರು, ದುಡಿಮೆಯಿಲ್ಲದ ಕಂಪನಿಯ ಬೆಲೆ, ವಾಯಿದೆಯ ಆಟ. ಇಂದು ಮೊಬೈಲಿನಲ್ಲಿ ಖಾತೆ ತೆರೆದು ಮೊದಲ ಸಂಬಳದಿಂದ ಷೇರು ಕೊಳ್ಳುವ ಯುವಕ ಯುವತಿಯರ ಮುಂದೆಯೂ ಇವೇ ಎರಡು ದಾರಿಗಳಿವೆ. ಕೊಳ್ಳುವ ಕಂಪನಿ ಏನು ಮಾಡುತ್ತದೆ, ಎಲ್ಲಿಂದ ಲಾಭ ಗಳಿಸುತ್ತದೆ ಎಂದು ಮೊದಲು ತಿಳಿಯಬೇಕು. ತುರ್ತು ಖರ್ಚಿಗೆ ಬೇಕಾದ ಹಣವನ್ನು ಬೇರೆಯೇ ಇಡಬೇಕು. ಸಾಲದ ಹಣದಿಂದ ಷೇರು ಕೊಳ್ಳಬಾರದು. ಇಷ್ಟು ಸಾಕು ಎಂಬ ಮಿತಿಯನ್ನು ಆರಂಭದಲ್ಲಿಯೇ ಗೊತ್ತುಮಾಡಿಕೊಂಡು, ಮಿಕ್ಕದ್ದರಲ್ಲಿ ದಾನಕ್ಕೂ ಒಂದು ಪಾಲು ತೆಗೆದಿಡುವುದು ಶ್ರಾವಕರಿಗೆ ಶೋಭೆ.