ಜೈಪುರದ ಹೆದ್ದಾರಿಗೆ ಮೈಸೂರು ದಿವಾನರ ಹೆಸರು

ಜೈಪುರದ ಹಳೆಯ ಕೋಟೆಗೋಡೆಯ ಹೊರಗೆ ಹಾದುಹೋಗುವ ಎಂ.ಐ. ರಸ್ತೆ ಆ ನಗರದ ಪ್ರಮುಖ ವಾಣಿಜ್ಯ ಬೀದಿ. ಆ ಎರಡು ಅಕ್ಷರಗಳು ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ಸೂಚಿಸುತ್ತವೆಂಬುದು ಅಲ್ಲಿ ಒಡವೆ ಕೊಳ್ಳುವ ಕನ್ನಡಿಗರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ!

1883ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಮಿರ್ಜಾ, ಪರ್ಷಿಯಾದಿಂದ ಬಂದು ಇಲ್ಲಿ ನೆಲೆಸಿದ ಕುದುರೆ ವ್ಯಾಪಾರಿ ಆಲಿ ಅಸ್ಕರ್ ಅವರ ಮೊಮ್ಮಗ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಲ್ಲಿ ದಿವಾನ ಪದವಿಗೇರಿದರು. ಕನ್ನಂಬಾಡಿಯ ಬೃಂದಾವನ, ಬೆಂಗಳೂರಿನ ಪುರಭವನ, ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಗಿರಣಿ ಅವರ ಕಾಲದವು. ಮುಂಜಾನೆ ಕುದುರೆಯೇರಿ ಊರು ಸುತ್ತುತ್ತಿದ್ದ ದಿವಾನರ ಕಣ್ಣಿಗೆ ಬೀದಿಯ ಕಸವೂ ಬೀಳುತ್ತಿತ್ತು, ನೆಡದೆ ಬಿಟ್ಟ ಸಾಲುಮರವೂ ಬೀಳುತ್ತಿತ್ತು.

ಆದರೆ ಜವಾಬ್ದಾರಿ ಸರ್ಕಾರ ಬೇಕೆಂಬ ಪ್ರಜೆಗಳ ಕೂಗಿಗೆ ಅವರು ಅಷ್ಟೇ ಬೇಗ ಕಿವಿಗೊಡಲಿಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆಯಿತು. ಸರ್ದಾರ್ ಪಟೇಲರ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾದರೂ ಶಾಂತಿ ಬಾಳಲಿಲ್ಲ. ಮರುವರ್ಷ ಚಿತ್ರದುರ್ಗದ ಬಳಿಯ ತುರುವನೂರು ಅರಣ್ಯ ಸತ್ಯಾಗ್ರಹದ ಕಣವಾಯಿತು. ಹಳ್ಳಿಗರು ಕಾನೂನು ಮುರಿದು ಈಚಲು ಮರಗಳನ್ನು ಕಡಿದರು. ಸೇಂದಿ ಇಳಿಯುವ ಆ ಮರಗಳು ಖಜಾನೆಗೆ ಆದಾಯ, ಗಾಂಧೀಮಾರ್ಗಿಗಳಿಗೆ ಪಿಡುಗು. ಎಸ್. ನಿಜಲಿಂಗಪ್ಪನವರೂ ಈ ಹೋರಾಟದಲ್ಲಿ ಸೆರೆಮನೆ ಕಂಡರು. ಊರೂರಿಗೆ ಸಾಲುಮರ ನೆಡಿಸಿದ ದಿವಾನರ ಆಡಳಿತಕ್ಕೆ ಕೊಡಲಿಯಿಂದಲೇ ಉತ್ತರ ಬಂದದ್ದು ವಿಪರ್ಯಾಸ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಹೊಸ ಮಹಾರಾಜರೊಡನೆ ಹೊಂದಾಣಿಕೆಯಾಗದೆ ಮಿರ್ಜಾ 1941ರಲ್ಲಿ ರಾಜೀನಾಮೆ ನೀಡಿದರು. ಮರುವರ್ಷವೇ ಜೈಪುರದ ಪ್ರಧಾನಮಂತ್ರಿ.

ಅರಾವಳಿ ಬೆಟ್ಟಗಳ ಮಡಿಲಲ್ಲಿ 1727ರಲ್ಲಿ ಸವಾಯಿ ಜೈಸಿಂಗ್ ಚೌಕ ಚೌಕವಾಗಿ ಕಟ್ಟಿಸಿದ ನಗರ ಅದು. ಯೋಜನೆ ಹಾಕಿ ಕಟ್ಟಿದ ಊರಿಗೂ ಎರಡು ಶತಮಾನದಲ್ಲಿ ಕೋಟೆಯೊಳಗೆ ಉಸಿರು ಕಟ್ಟಿತ್ತು. ಮಿರ್ಜಾ ಒಳಗಿನ ವಿನ್ಯಾಸ ಕೆಡಿಸದೆ, ಗೋಡೆಯಾಚೆ ಅಗಲ ರಸ್ತೆಗಳ ಹೊಸ ಬಡಾವಣೆಗಳನ್ನು ಬೆಳೆಸಿದರು. ಇಂದಿಗೂ ಸಿ-ಸ್ಕೀಮ್ ಎಂದೇ ಕರೆಸಿಕೊಳ್ಳುವ ಬಡಾವಣೆ ಆ ಯೋಜನೆಯ ಕುರುಹು. 1945ರಲ್ಲಿ ಅಲ್ಲಿ ನಡೆದ ಲೇಖಕರ ಸಮ್ಮೇಳನಕ್ಕೆ ಇ.ಎಂ. ಫಾರ್ಸ್ಟರ್ ಕೂಡ ಬಂದಿದ್ದರು.

1946ರಲ್ಲಿ ಹೈದರಾಬಾದಿಗೆ ಹೋದ ಅವರು ಅಲ್ಲಿ ಒಂದು ವರ್ಷವೂ ನಿಲ್ಲಲಿಲ್ಲ. 1956ರಲ್ಲಿ ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಮುಖ್ಯಮಂತ್ರಿಯಾದವರು, ಹಿಂದೆ ಅವರದೇ ಸರ್ಕಾರದ ಸೆರೆಯಲ್ಲಿದ್ದ ನಿಜಲಿಂಗಪ್ಪ. ಮಿರ್ಜಾ 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು.