ಸದ್ದಡಗಿಸಿದ ಮಗ: ಹೈರಮ್ ಪರ್ಸಿ ಮ್ಯಾಕ್ಸಿಂ

ಸೈಲೆನ್ಸರ್ ಎಂಬ ಮಾತನ್ನು ಅರಿಯದವರು ಮುಂಬಯಿಯ ಬೀದಿಗಳಲ್ಲಿ ನಡೆದಾಡುವ ನಮ್ಮವರಲ್ಲಿ ಇರಲಾರರು. ಸ್ಕೂಟರಿನ ಅಡಿಯಲ್ಲಿ ಹಾಯ್ದು ಹಿಂದೆ ಹೊಗೆಯುಗುಳುವ ಆ ಕೊಳವೆಗೆ ತೂತು ಬಿದ್ದಿತೆಂದರೆ ಇಡೀ ಚಾಳು ಎಚ್ಚರಗೊಳ್ಳುತ್ತದೆ. ಇದೇ ಹೆಸರಿನ ಇನ್ನೊಂದು ಸಲಕರಣೆಯುಂಟು. ಅದು ಕೋವಿಯ ನಳಿಕೆಯ ತುದಿಗೆ ಜೋಡಿಸತಕ್ಕದ್ದು. ಚಲಚ್ಚಿತ್ರದ ಕೊಲೆಗಾರನು ಅದನ್ನು ಜೇಬಿನಿಂದ ತೆಗೆದು ಪಿಸ್ತೂಲಿಗೆ ತಿರುಗಿಸಿ ಸಿಕ್ಕಿಸುವುದನ್ನು ವಾಚಕರು ಕಂಡಿರಬಹುದು. ಆದರೆ ಆ ಸಲಕರಣೆಯನ್ನು ಮೊದಲು ಯಶಸ್ವಿಯಾಗಿ ಮಾರುಕಟ್ಟೆಗೆ ತಂದವನು ಕೊಲೆಗಾರನೂ ಅಲ್ಲ, ಸೇನಾನಿಯೂ ಅಲ್ಲ. ನೆರೆಹೊರೆಯವರಿಗೆ ತೊಂದರೆಯಾಗದಂತೆ ಗುರಿ ಹೊಡೆಯುವುದು ಹೇಗೆಂದು ಯೋಚಿಸಿದ ಒಬ್ಬ ಸಭ್ಯ ಇಂಜಿನಿಯರು ಅವನು. ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಂ ಎಂಬುದು ಅವನ ಹೆಸರು.

ಮ್ಯಾಕ್ಸಿಂ ಎಂದೊಡನೆ ಕೆಲವರಿಗೆ ಮ್ಯಾಕ್ಸಿಂ ಗನ್ನಿನ ನೆನಪಾಗುವುದು ಸಹಜ. ಅದನ್ನು ಮಾಡಿದವನು ಈತನಲ್ಲ, ಈತನ ತಂದೆ. ತಂದೆಮಕ್ಕಳಿಬ್ಬರ ಹೆಸರೂ ಹೈರಮ್ ಮ್ಯಾಕ್ಸಿಂ ಆದುದರಿಂದ ಇಂದಿಗೂ ಒಬ್ಬನ ಕೆಲಸವನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆಯುವವರಿದ್ದಾರೆ. ತಂದೆಯ ಹೆಸರಿನ ಬೋರ್ಡಿನ ಕೆಳಗೆ ಗಲ್ಲಾದಲ್ಲಿ ಕುಳಿತ ಮಗನ ಪಾಡು ಏನೆಂಬುದು ನಮ್ಮ ಹೋಟೆಲು ಬಂಧುಗಳಿಗೆ ತಿಳಿಯದ ವಿಷಯವಲ್ಲ. ಚಹ ಚೆನ್ನಾಗಿದ್ದರೆ ತಂದೆಗೆ ಕೀರ್ತಿ, ಕೆಟ್ಟರೆ ಮಗನಿಗೆ ಬೈಗುಳು.

ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಂ 1840ರಲ್ಲಿ ಅಮೆರಿಕದ ಮೇನ್ ಸಂಸ್ಥಾನದ ಸ್ಯಾಂಗರ್‌ವಿಲ್ ಎಂಬಲ್ಲಿ ಹುಟ್ಟಿದನು. ಮಹಾ ಬುದ್ಧಿವಂತ, ಮಹಾ ಹಟಮಾರಿ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನಕ್ಕೆಂದು ಯೂರೋಪಿಗೆ ಹೊರಟವನು ಬಳಿಕ ಲಂಡನ್ನಿನಲ್ಲಿ ನೆಲಸಿದನು. 1884ರಲ್ಲಿ ಅಲ್ಲಿಯೇ ತನ್ನ ಯಂತ್ರದ ಬಂದೂಕನ್ನು ಸಿದ್ಧಪಡಿಸಿದನು. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಶಕ್ತಿಯನ್ನೇ ಹಿಡಿದು ಮುಂದಿನ ತೋಟಾವನ್ನು ತುಂಬಿಸುವ ಉಪಾಯವದು. ನಿಮಿಷಕ್ಕೆ ಸುಮಾರು 600 ಗುಂಡುಗಳನ್ನು ಹಾರಿಸುತ್ತಿತ್ತು. 1898ರಲ್ಲಿ ಸೂಡಾನಿನ ಓಮ್ಡುರ್ಮಾನ್ ಕದನದಲ್ಲಿ ಅದು ಮಾಡಿದ ಸಂಹಾರವನ್ನು ಚರಿತ್ರೆಯೇ ಹೇಳುತ್ತದೆ. ಬ್ರಿಟಿಷ್ ಸರಕಾರವು 1901ರಲ್ಲಿ ಅವನಿಗೆ ಸರ್ ಪದವಿಯನ್ನಿತ್ತಿತು. ಆ ಹೊತ್ತಿಗೆ ತನ್ನ ಬಂದೂಕುಗಳ ಸದ್ದನ್ನು ವರ್ಷಾನುಗಟ್ಟಲೆ ಕೇಳಿ ಅವನ ಕಿವಿಗಳು ಮಂದವಾಗುತ್ತ ಬಂದಿದ್ದುವು. ಮುಪ್ಪಿನಲ್ಲಿ ಅವನು ಪೂರ್ತಿ ಕಿವುಡನಾದನು.

ಇಷ್ಟೆಲ್ಲ ಕೀರ್ತಿಯ ನಡುವೆ ಅಮೆರಿಕದಲ್ಲಿ ಒಂದು ಸಂಸಾರ ಹಿಂದುಳಿದಿತ್ತು. ಪತ್ನಿ ಜೇನ್, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ತಂದೆ ಅವರ ಬಳಿಗೆ ಮರಳಿ ಬರಲಿಲ್ಲ. ಬೇರೊಬ್ಬಳೊಡನೆ ಸಂಸಾರ ಹೂಡಿ ಲಂಡನ್ನಿನವನೇ ಆಗಿಬಿಟ್ಟನು. ಪರಸ್ಥಳಕ್ಕೆ ಹೋದ ಗಂಡಸಿನ ಕಾಗದಗಳು ಮೊದಲು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ಆಮೇಲೆ ಇಲ್ಲವೇ ಇಲ್ಲ ಎಂಬ ಕಥೆ ನಮ್ಮೂರುಗಳಲ್ಲಿಯೂ ಹೊಸತಲ್ಲವಷ್ಟೆ. 1869ರ ಸೆಪ್ಟೆಂಬರ್ 2ರಂದು ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಪರ್ಸಿಗೆ ಆಗ ಹನ್ನೆರಡರ ಪ್ರಾಯ.

ಹುಡುಗನಾದರೋ ಎದೆಗುಂದಲಿಲ್ಲ. ಬಾಸ್ಟನ್ನಿನಲ್ಲಿದ್ದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಿಂದ 1886ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿಯೇ, ತೇರ್ಗಡೆಯಾಗಿ ಹೊರಬಂದನು. ಕೆಲವು ವರ್ಷಗಳ ಮೇಲೆ ಲಿನ್ ಪಟ್ಟಣದಲ್ಲಿ ಫಿರಂಗಿಯ ಗುಂಡುಗಳನ್ನು ಮಾಡುವ ಕಾರ್ಖಾನೆಯ ಮೇಲ್ವಿಚಾರಕನಾದನು. 1892ರ ಒಂದು ರಾತ್ರಿ ಸೇಲಂ ಊರಿನಲ್ಲಿ ತರುಣಿಯೊಬ್ಬಳನ್ನು ಕಂಡು ಸೈಕಲ್ ತುಳಿಯುತ್ತ ಹಿಂದಿರುಗುವಾಗ, ಕಾಲುಗಳ ಕೆಲಸವನ್ನು ಒಂದು ಸಣ್ಣ ಯಂತ್ರವೇ ಮಾಡಬಾರದೇಕೆ ಎಂಬ ಯೋಚನೆ ಅವನಿಗೆ ಹೊಳೆಯಿತು. ಪೆಟ್ರೋಲೆಂಬ ದ್ರವದ ಗುಣವನ್ನು ತಿಳಿಯಲು ಕಾರ್ಖಾನೆಯಲ್ಲಿದ್ದ ಖಾಲಿ ಹಿತ್ತಾಳೆಯ ತೋಟಾದೊಳಗೆ ಕೆಲವು ಹನಿಗಳನ್ನು ಬಿಟ್ಟು ಬೆಂಕಿಕಡ್ಡಿ ತೋರಿಸಿದನಂತೆ. ಕೈಕಾಲು ಉಳಿದದ್ದು ಅವನ ಪುಣ್ಯ! ಅಂತೂ ಮೂರು ಸಿಲಿಂಡರುಗಳ ಇಂಜಿನನ್ನು ತಾನೇ ಕಟ್ಟಿ ಮೂರು ಗಾಲಿಯ ಸೈಕಲಿಗೆ ಜೋಡಿಸಿದನು. 1895ರಲ್ಲಿ ಹಾರ್ಟ್‌ಫರ್ಡ್ ನಗರದ ಪೋಪ್ ಸೈಕಲ್ ಕಂಪೆನಿಯವರು ಅವನನ್ನು ಕರೆದು ಮೋಟಾರು ವಿಭಾಗದಲ್ಲಿ ಕೆಲಸ ಕೊಟ್ಟರು. ಅಲ್ಲಿಂದ ಮುಂದೆ ಹಾರ್ಟ್‌ಫರ್ಡೇ ಅವನ ಊರಾಯಿತು. 1898ರ ಕೊನೆಯಲ್ಲಿ ಮೇರಿಲೆಂಡಿನ ಮಾಜಿ ಗವರ್ನರರ ಮಗಳಾದ ಜೋಸೆಫೀನ್ ಹ್ಯಾಮಿಲ್ಟನ್ನಳನ್ನು ವಿವಾಹವಾದನು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕೋವಿಯ ಸದ್ದು ಎಲ್ಲಿಂದ ಹುಟ್ಟುತ್ತದೆ? ಗುಂಡು ನಳಿಕೆಯಿಂದ ಹೊರಬಿದ್ದೊಡನೆ ಅದರ ಹಿಂದೆ ಒತ್ತಿಕೊಂಡಿದ್ದ ಮದ್ದಿನ ಬಿಸಿ ಅನಿಲವೂ ಒಮ್ಮೆಲೇ ಹೊರಗಿನ ಗಾಳಿಯನ್ನು ಅಪ್ಪಳಿಸುತ್ತದೆ. ಗೋಲಿಸೋಡಾದ ಗೋಲಿಯನ್ನು ಮಾಣಿಯು ಹೆಬ್ಬೆರಳಿನಿಂದ ರಪ್ಪನೆ ಒತ್ತಿದರೆ ಟಪ್ಪೆಂದು ಸಿಡಿಯುವುದಿಲ್ಲವೆ, ಹಾಗೆ. ಅದನ್ನೇ ಮೆಲ್ಲಮೆಲ್ಲನೆ ಒತ್ತಿದರೆ ಬರಿಯ ಬುಸುಗುಟ್ಟುವಿಕೆ. ಅನಿಲವನ್ನು ಸ್ವಲ್ಪ ಹೊತ್ತು ತಡೆದು ನಿಧಾನವಾಗಿ ಬಿಟ್ಟರಾಯಿತು ಎಂಬುದು ಪರ್ಸಿಯ ಲೆಕ್ಕ. ತಡೆಯುವುದು ಹೇಗೆ? ಸ್ನಾನದ ತೊಟ್ಟಿಯ ನೀರು ರಂಧ್ರದಲ್ಲಿ ಸುಳಿ ಸುತ್ತುತ್ತ ತಡವಾಗಿ ಇಳಿಯುವುದನ್ನು ಒಂದು ಬೆಳಗ್ಗೆ ನೋಡುತ್ತ ನಿಂತಾಗ ಉತ್ತರ ದೊರೆಯಿತೆಂದು ಪ್ರತೀತಿಯಿದೆ. ಅನಿಲಕ್ಕೂ ಸುಳಿ ಹಾಕಿಸಿದರೆ ಅದೂ ಒಳಗೇ ಸುತ್ತುತ್ತ ತನ್ನ ರಭಸವನ್ನು ಕಳೆದುಕೊಳ್ಳಬೇಕು. ಉದ್ದನೆಯ ಡಬ್ಬಿಯೊಳಗೆ ಬಾಗಿದ ತಗಡುಗಳ ಸಾಲು, ನಡುವೆ ಗುಂಡು ಹಾಯಲು ದಾರಿ. ಇಷ್ಟೇ ಅದರ ರೂಪ. 1909ರ ಮಾರ್ಚ್ 30ರಂದು ಅವನಿಗೆ ಪೇಟೆಂಟು ದೊರೆಯಿತು. ನಳಿಕೆಯ ತುದಿಗೆ ಡಬ್ಬಿಯನ್ನು ಕೂರಿಸಿದರೆ ಗುರಿ ನೋಡುವ ಕಣ್ಣಿಗೆ ಅದೇ ಅಡ್ಡವಾಗುವುದೆಂಬ ದೂರಿಗೆ 1910ರ ಮಾದರಿಯಲ್ಲಿ ಪರಿಹಾರವಿತ್ತು: ಗುಂಡಿನ ದಾರಿಯನ್ನು ನಟ್ಟನಡುವೆ ಇಡದೆ ಮೇಲಂಚಿನ ಕಡೆಗೆ ಸರಿಸಿದ್ದನು, ಡಬ್ಬಿಯ ಹೆಚ್ಚಿನ ಭಾಗ ನಳಿಕೆಯಿಂದ ಕೆಳಕ್ಕೆ ಇಳಿಬಿದ್ದಿತು.

ಎಲ್ಲ ಕೋವಿಗಳಲ್ಲಿಯೂ ಅದು ಒಂದೇ ಬಗೆಯ ಫಲವನ್ನು ಕೊಡಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಗುಂಡು ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 1,100 ಅಡಿಗಳನ್ನು, ಮೀರಿ ಹಾರಿದರೆ ಗಾಳಿಯಲ್ಲಿ ಚಾಟಿ ಬೀಸಿದಂತಹ ಸದ್ದು ಬೇರೆಯೇ ಏಳುತ್ತದೆ. ನಳಿಕೆಯ ತುದಿಯ ಯಾವ ಡಬ್ಬಿಯೂ ಅದನ್ನು ಅಡಗಿಸಲಾರದು. ಸೇನೆಯ ದೊಡ್ಡ ರೈಫಲುಗಳ ಪಾಡು ಇದು. ಆದರೆ .22 ಎಂಬ ಸಣ್ಣ ತೋಟಾದ ವಿಷಯ ಬೇರೆ. ಇದಕ್ಕೆ ರಿಮ್‌ಫೈರ್ ಎನ್ನುತ್ತಾರೆ. ಕಿಡಿ ಹುಟ್ಟಿಸುವ ಮದ್ದು ತಳದ ನಡುವಿನಲ್ಲಿರದೆ ಸುತ್ತಲಿನ ಅಂಚಿನೊಳಗೆ ಇರುತ್ತದೆ. ಹಾರಿಸುವ ಮದ್ದೂ ಚಿಟಿಕೆಯಷ್ಟೆ. ನಿಧಾನದ ಗುಂಡನ್ನು ಆರಿಸಿಕೊಂಡರೆ ಮ್ಯಾಕ್ಸಿಂನ ಡಬ್ಬಿ ತನ್ನ ಪೂರ್ಣ ಮಹಿಮೆಯನ್ನು ತೋರುತ್ತಿದ್ದುದು ಇಂತಹ ಕೋವಿಗಳಲ್ಲಿಯೇ. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ್ದ ನಮ್ಮ ಗುಮಾಸ್ತ ಮಿತ್ರರು .22 ರೈಫಲನ್ನು ಹಿಡಿದಿರಬಹುದು. ಬ್ರಿಟಿಷರು ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ರೈಫಲುಗಳನ್ನೇ ಮಾರ್ಪಡಿಸಿ ಈ ಸಣ್ಣ ತೋಟಾವನ್ನು ಹಾರಿಸುವಂತೆ ಮಾಡಿ, ಕಡಮೆ ವೆಚ್ಚದಲ್ಲಿ ಸಿಪಾಯಿಗಳಿಗೆ ಗುರಿಯ ಅಭ್ಯಾಸ ಮಾಡಿಸುತ್ತಿದ್ದರು. ಆನೆಯ ಮೈಯಲ್ಲಿ ಇಲಿಯ ದನಿ!

ಅಮೆರಿಕದ ಮಧ್ಯಮ ವರ್ಗದವರು ಮನೆಯ ಹಿತ್ತಲಿನಲ್ಲಿ, ನೆಲಮಾಳಿಗೆಯಲ್ಲಿ ಗುರಿಯಿಟ್ಟು ಹೊಡೆಯುವುದನ್ನು ಆಟವೆಂದೇ ಎಣಿಸುತ್ತಿದ್ದ ಕಾಲವದು. ಸದ್ದು, ಒದೆತ, ಬೆದರಿಕೆ ಇವು ಮೂರೂ ಆ ಆಟಕ್ಕೆ ಬೇಡದ ಕಸವೆಂಬುದು ಪರ್ಸಿಯ ಮತ. ಸಲಕರಣೆಯು ಅಂಚೆಯ ಮೂಲಕವೂ ಮಾರಾಟವಾಯಿತು. ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟನೂ ತನ್ನ ವಿಂಚೆಸ್ಟರ್ ರೈಫಲಿಗೆ ಒಂದನ್ನು ಹಾಕಿಸಿಕೊಂಡಿದ್ದನು. ಆದರೆ ಸಂಶಯವೂ ಜೊತೆಯಲ್ಲಿಯೇ ಹುಟ್ಟಿತು. ಸದ್ದಿಲ್ಲದ ಕೋವಿ ಕಳ್ಳಬೇಟೆಗಾರನ ಕೈಗೆ, ಕೊಲೆಗಡುಕನ ಕೈಗೆ ಬಿದ್ದರೆ ಗತಿಯೇನು? 1909ರಲ್ಲಿಯೇ ಒಂದು ಸಂಸ್ಥಾನವು ಅದನ್ನು ನಿಷೇಧಿಸಿತು. ಯಾವುದು ಆ ಸಂಸ್ಥಾನ? ತಂದೆ ಮ್ಯಾಕ್ಸಿಂ ಹುಟ್ಟಿದ ಮೇನ್! ತಂದೆಯ ಬಂದೂಕು ಖಂಡಖಂಡಗಳಲ್ಲಿ ಸಾವಿರಗಟ್ಟಲೆ ಜನರನ್ನು ಕೆಡಹಿದಾಗ ದೊರೆತದ್ದು ಸರ್ ಪದವಿ. ಮಗನು ಸದ್ದನ್ನು ಕಡಮೆ ಮಾಡಿದುದಕ್ಕೆ ದೊರೆತದ್ದು ಶಂಕೆ. ಶಂಕೆ ಪೂರ್ತಿ ನಿರಾಧಾರವೆಂದು ನಾವು ಹೇಳೆವು. ಆದರೂ ಈ ತಕ್ಕಡಿ ವಿಚಿತ್ರವೆನ್ನದೆ ಗತಿಯಿಲ್ಲ.

ಕಿವುಡನಾದ ತಂದೆಯನ್ನು ಕಂಡು ಮರುಗಿ ಮಗನು ಸೈಲೆನ್ಸರನ್ನು ಮಾಡಿದನೆಂದು ಕಥೆ ಹೆಣೆಯುವುದು ಸುಲಭ, ಕೇಳಲು ಇಂಪು ಸಹ. ಆದರೆ ತಂದೆ ಲಂಡನ್ನಿನಲ್ಲಿ, ಮಗ ಹಾರ್ಟ್‌ಫರ್ಡಿನಲ್ಲಿ. ನಡುವೆ ಸಮುದ್ರವಷ್ಟೇ ಅಲ್ಲ, ಬಾಲ್ಯದ ಗಾಯವೂ ಇತ್ತು. ತಂದೆ 1916ರ ನವೆಂಬರಿನಲ್ಲಿ, ತನ್ನ ಯಂತ್ರವು ಯೂರೋಪಿನ ಕಂದಕಗಳಲ್ಲಿ ಹಗಲಿರುಳು ಗರ್ಜಿಸುತ್ತಿದ್ದಾಗ, ಲಂಡನ್ನಿನಲ್ಲಿ ತೀರಿಕೊಂಡನು.

ಇಷ್ಟರಲ್ಲಿ ಪರ್ಸಿಗೆ ಬೇರೊಂದು ಹುಚ್ಚು ಹತ್ತಿತ್ತು. ಸದ್ದಡಗಿಸಿದ ಈ ಮಹಾಶಯನು ಚಟಪಟನೆ ಕಿಡಿ ಸಿಡಿಸುವ ನಿಸ್ತಂತು ಯಂತ್ರದ ಮುಂದೆ ಕುಳಿತು ದೂರದವರೊಡನೆ ಸಂಭಾಷಿಸತೊಡಗಿದನು! 1914ರ ಒಂದು ರಾತ್ರಿ ಮೂವತ್ತು ಮೈಲು ದೂರದ ಸ್ಪ್ರಿಂಗ್‌ಫೀಲ್ಡಿಗೆ ಸಂದೇಶ ಮುಟ್ಟಲಿಲ್ಲ. ದಾರಿಯ ನಡುವಿನ ವಿಂಡ್ಸರ್ ಲಾಕ್ಸ್ ಊರಿನ ಹವ್ಯಾಸಿಯೊಬ್ಬನು ಅದನ್ನು ಕೇಳಿ ಮುಂದಕ್ಕೆ ದಾಟಿಸಿಕೊಟ್ಟನು. ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ ಹೋದರೆ ದೇಶವನ್ನೇ ಮುಟ್ಟಬಹುದೆಂದು ಅವನಿಗೆ ತೋರಿತು. ಅಂಚೆಯ ಓಲೆಕಾರರ ಹಳೆಯ ಉಪಾಯವೇ ಇದು. ತರುಣ ಕ್ಲಾರೆನ್ಸ್ ಟಸ್ಕನೊಡನೆ ಕೂಡಿ ಅದೇ ವರ್ಷ ಅಮೆರಿಕನ್ ರೇಡಿಯೋ ರಿಲೇ ಲೀಗನ್ನು ಸ್ಥಾಪಿಸಿದನು. 1917ರಲ್ಲಿ ಯುದ್ಧದ ಕಾರಣದಿಂದ ಸರಕಾರವು ಹವ್ಯಾಸಿಗಳ ಬಾಯಿ ಮುಚ್ಚಿಸಿತು. ಯುದ್ಧ ಮುಗಿದ ಮೇಲೂ ಬೀಗ ತೆಗೆಯಲು ಅಧಿಕಾರಿಗಳಿಗೆ ಮನಸ್ಸಿರಲಿಲ್ಲ. ಆಗ ವಾಷಿಂಗ್ಟನ್ನಿಗೆ ಹೋಗಿ ಹೋರಾಡಿದವರಲ್ಲಿ ಇವನೇ ಮುಂದಾಳು. 1925ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನೂ ಇವನೇ ಆದನು. ಯಾವ ಪ್ಯಾರಿಸ್ಸಿಗೆಂದು ಹೊರಟು ತಂದೆ ಮನೆಯನ್ನು ಮರೆತನೋ, ಅದೇ ಪ್ಯಾರಿಸ್ಸು.

ಸೈಲೆನ್ಸರಿನ ಕಾರ್ಖಾನೆಯೂ ದಾರಿ ಬದಲಿಸಿತು. ಕೋವಿಗಳನ್ನು ಕೈಬಿಟ್ಟು ದೊಡ್ಡ ಇಂಜಿನುಗಳ ಹೊಗೆಕೊಳವೆಗಳಿಗೆ ಸದ್ದಡಗಿಸುವ ಡಬ್ಬಿಗಳನ್ನು ಮಾಡತೊಡಗಿತು. ಮೋಟಾರಿನ ಸೈಲೆನ್ಸರನ್ನು ಕಂಡುಹಿಡಿದವನೇ ಇವನೆಂದು ಕೆಲವರು ಬರೆಯುತ್ತಾರೆ; ಅದು ಸರಿಯಲ್ಲ, ಇವನಿಗಿಂತ ಮೊದಲೇ ಅದಕ್ಕೆ ಪೇಟೆಂಟು ಪಡೆದವರಿದ್ದರು. 1934ರಲ್ಲಿ, ದರೋಡೆಕೋರರ ಹಾವಳಿಯ ದಿನಗಳ ತರುವಾಯ, ಅಮೆರಿಕದ ಸಂಸತ್ತು ಕೋವಿಯ ಸೈಲೆನ್ಸರಿಗೆ ನೋಂದಣಿಯನ್ನೂ 200 ಡಾಲರುಗಳ ತೆರಿಗೆಯನ್ನೂ ವಿಧಿಸಿತು. ವಸ್ತುವಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ತೆರಿಗೆ! ಹಿತ್ತಲಿನ ಆಟದ ಸಾಮಾನು ಅಂದಿಗೆ ಅಪರಾಧಿಗಳ ಸಾಮಾನೆಂದು ಮುದ್ರೆಯೊತ್ತಿಸಿಕೊಂಡಿತು. ಆ ತೆರಿಗೆ ತೊಂಬತ್ತು ವರ್ಷ ಬದಲಾಗದೆ ನಿಂತು 2026ರ ಜನವರಿಯಿಂದ ಸೊನ್ನೆಗಿಳಿಯಿತು. ನೋಂದಣಿ ಮಾತ್ರ ಉಳಿಯಿತು. ಅತ್ತ ಯೂರೋಪಿನ ಕೆಲವು ದೇಶಗಳಲ್ಲಿ ಬೇಟೆಗಾರರು ಕಿವಿಯ ರಕ್ಷಣೆಗಾಗಿ ಅದನ್ನು ಸಲೀಸಾಗಿ ಬಳಸುತ್ತಾರೆ.

ಕೊನೆಯ ವರ್ಷಗಳಲ್ಲಿ ಪರ್ಸಿ ಲೇಖನಿ ಹಿಡಿದನು. 1936ರಲ್ಲಿ ಪ್ರಕಟವಾದ ಅವನ ಪುಸ್ತಕದ ವಿಷಯ ಬೇರಾರೂ ಅಲ್ಲ, ತಂದೆ! ಚಿಕ್ಕ ಹುಡುಗನ ಕಣ್ಣಿನಿಂದ ಕಂಡ ಆ ವಿಚಿತ್ರ ಮನುಷ್ಯನನ್ನು, ಅವನ ಚೇಷ್ಟೆಗಳನ್ನು, ಕೋಪತಾಪಗಳನ್ನು ನಗುನಗುತ್ತ ಚಿತ್ರಿಸಿದ್ದಾನೆ. ಬಿಟ್ಟುಹೋದುದರ ಬಗ್ಗೆ ದೂರುವ ಪುಸ್ತಕವಲ್ಲ ಅದು. ಸದ್ದಡಗಿಸುವ ಕಲೆಯನ್ನು ಇಲ್ಲಿಯೂ ಬಳಸಿದನೋ, ಇಲ್ಲವೇ ನಿಜವಾಗಿಯೇ ಕ್ಷಮಿಸಿದ್ದನೋ, ವಾಚಕರು ತಮ್ಮ ತಮ್ಮ ಮನೆಯ ಅನುಭವದಂತೆ ಊಹಿಸಿಕೊಳ್ಳಬಹುದು.

ಆ ವರ್ಷವೇ ಫೆಬ್ರವರಿಯಲ್ಲಿ, ಪಶ್ಚಿಮದ ಪ್ರವಾಸದಲ್ಲಿದ್ದಾಗ, ರೈಲಿನಲ್ಲಿಯೇ ಅವನಿಗೆ ಗಂಟಲಿನ ರೋಗ ಉಲ್ಬಣಿಸಿತು. ಕೊಲರಾಡೋದ ಲಾ ಹುಂಟಾ ಎಂಬ ಊರಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. 17ನೆಯ ತಾರೀಖು ಅಲ್ಲಿಯೇ ಪ್ರಾಣ ಹೋಯಿತು. ಅವನ ನಿಸ್ತಂತು ನಿಲಯದ ಗುರುತಿನ ಅಕ್ಷರಗಳು ಡಬ್ಲ್ಯೂ-ಒನ್-ಏ-ಡಬ್ಲ್ಯೂ. ಲೀಗಿನವರು ಅವನ್ನು ತಮ್ಮ ಕೇಂದ್ರ ನಿಲಯಕ್ಕೆ ಇರಿಸಿಕೊಂಡರು. ಕನೆಕ್ಟಿಕಟಿನ ನ್ಯೂವಿಂಗ್ಟನ್ನಿನಿಂದ ಅದೇ ಹೆಸರಿನಲ್ಲಿ ಮೋರ್ಸ್ ಸಂಕೇತಗಳು ಇಂದಿಗೂ ಹೊರಡುತ್ತಿವೆ.